ನಾಲ್ಕು ಹಲಗೆಯ ಬಯಲು

ಆರ್ಮರಾಡ್ ಅಮೆರಿಕ ನೋಡಿದವನಲ್ಲ.
ರಾಚ್‌ಡೇಲಿನ ಗ್ಯಾರೇಜಿನಿಂದ ಕಾರನ್ನು ಬೀದಿಗೆ ತಳ್ಳಿ
ಆ ಜಾಗದಲ್ಲಿ ಕಾನ್ಸಾಸಿನ ಕಾಲು ಮೈಲಿ ಹರಡಿದ.
ಎಂಬತ್ತೇಳಕ್ಕೆ ಒಂದರ ಲೆಕ್ಕ:
ಹದಿನಾರು ಅಡಿ ಉದ್ದ, ಎರಡಡಿ ಅಗಲ, ನಾಲ್ಕು ತುಂಡು.
ಪ್ರತಿ ತುಂಡೂ ವ್ಯಾನಿನ ಹಿಂಬಾಗಿಲಲ್ಲಿ ತೂರಬೇಕು,
ಚರ್ಚಿನ ಸುತ್ತುಮೆಟ್ಟಿಲು ಹತ್ತಬೇಕು,
ಅರವತ್ತು ದಾಟಿದ ಎರಡು ಸೊಂಟಗಳಿಗೆ ಒಗ್ಗಬೇಕು.
ಕೊನೆಯಿಲ್ಲದ ಬಯಲಿಗೂ
ನಾಲ್ಕಡಿಗೊಂದು ಕೊನೆ.

ಮೇಲಿನ ಅಮೆರಿಕ ಅವನದು, ಕೆಳಗಿನದು ನನ್ನದು.
ಮೂವತ್ತೊಂದು ವರ್ಷ ಟೆಲಿಫೋನ್ ತಂತಿ ಎಳೆದ ಕೈ ಇದು.
ಹಳೇ ಕಂಬಳಿ ಹಾಸಿ ಅಂಗಾತ ಮಲಗಿ
ಕೆಂಪು, ಕಪ್ಪು, ಹಸಿರು ಬೆಸೆದು
ಒಂದೊಂದಕ್ಕೂ ಚೀಟಿ ಅಂಟಿಸಿದೆ.
ಮೇಲೆ ಅವನು ಜರಡಿ ಆಡಿಸಿದರೆ
ತೂತಿನಿಂದ ಕಾನ್ಸಾಸ್
ನೇರ ನನ್ನ ಕಣ್ಣಿಗೆ.

ಮಣ್ಣೆಂದರೇನು, ಅವನ ಹೆಂಡತಿ ಡಿಲಿಸ್
ಸೋಸಿ ಉಳಿಸಿದ ಚಹಾ ಚರಟ,
ಒಲೆಯಲ್ಲಿ ಒಣಗಿಸಿ ಪುಡಿಮಾಡಿದ್ದು.
ಗೋದಿಯ ಕಣಜ, ಊರಿಗೆಲ್ಲ ಎತ್ತರ,
ಬಚ್ಚಲ ಕೊಳವೆಯ ಆರು ತುಂಡು.
ತಂತಿಕಂಬ, ಕಬಾಬಿನ ಕಡ್ಡಿ.
ಊರಿಗೊಂದು ಹೆಸರು ಬೇಕಲ್ಲ?
ಫಲಕದ ಮೇಲೆ 'ಡಿಲಿಸ್' ಎಂದೇ ಬರೆದ.
ಅವಳು ಕನ್ನಡಕ ಏರಿಸಿ ನೋಡಿ,
"ಜನಸಂಖ್ಯೆ?" ಅಂದಳು.
ಎಣಿಸಿದ. ಹದಿನೇಳು, ನಾಯಿ ಸೇರಿ.

ಕಷ್ಟವೆಲ್ಲ ಕೀಲಿನಲ್ಲಿ.
ಹಲಗೆಗೆ ಹಲಗೆ ಕೂಡುವಲ್ಲಿ
ಹಳಿ ಕೂದಲೆಳೆಯಷ್ಟು ತಪ್ಪಿದರೂ
ಹತ್ತು ಬೋಗಿ ಗೋದಿ ನೆಲದ ಪಾಲು.
ಹಿತ್ತಾಳೆಯ ಗೂಟ, ಹಿತ್ತಾಳೆಯ ಕುಳಿ, ರೆಕ್ಕೆಯ ನಟ್ಟು
ಎಲ್ಲ ಹಾಕಿದರೂ ಆ ಮೂರನೆಯದು ಹಟಮಾರಿ.
ಗ್ಯಾರೇಜಿನ ಚಳಿಯಲ್ಲಿ ಒಡಹುಟ್ಟಿದವರು;
ಪ್ರದರ್ಶನದಲ್ಲಿ ಜನದ ಬಿಸಿಗೆ ಮರ ಉಬ್ಬಿತೋ,
ಹಳಿಗಳು ದಾಯಾದಿಗಳು.

ಹ್ಯಾಲಿಫ್ಯಾಕ್ಸಿನಲ್ಲಿ, ಶನಿವಾರ,
ಕುಂಟುವ ಕಾಲಿಗೆ ಬಸ್ ಟಿಕೆಟ್ ಮಡಚಿ ಇಟ್ಟು
ಗಾಡಿ ಬಿಟ್ಟೆವು.
ಒದ್ದೆ ಕೋಟಿನ ಹೆಂಗಸೊಬ್ಬಳು ನಿಂತಳು, ಕದಲಲಿಲ್ಲ.
ಮೂರು ಗಾಡಿ ಹೋದವು.
ಹೆಸರು ಲವೋನ್. ಇಲ್ಲಿಗೆ ಬಂದು ನಲವತ್ತು ವರ್ಷ,
ಮೂಗಿನಲ್ಲಿ ಇನ್ನೂ ಆ ಊರೇ.
"ಎಲ್ಲ ಸರಿ," ಅಂದಳು, "ಹುಲ್ಲು ಮಾತ್ರ ನೆಟ್ಟಗಿದೆ.
ನಮ್ಮಲ್ಲಿ ಯಾವುದೂ ನೆಟ್ಟಗೆ ನಿಲ್ಲೋದಿಲ್ಲ.
ತೆಂಕಣ ಗಾಳಿ. ಎಲ್ಲವೂ ಉತ್ತರಕ್ಕೆ ಬಾಗಿರುತ್ತೆ,
ಬಟ್ಟೆ, ಬೇಲಿ, ನಮ್ಮಪ್ಪ."

ಆರ್ಮರಾಡ್ ನನ್ನ ಮುಖ ನೋಡಿದ.
"ಉತ್ತರ ಯಾವ ಕಡೆ?"
ಎಂಟು ವರ್ಷ ಕಟ್ಟಿದ್ದೆವು.
ಪ್ರತಿ ತಂತಿ ಎಲ್ಲಿಂದ ಎಲ್ಲಿಗೆ ಅಂತ ನಾನು ಬಲ್ಲೆ;
ಉತ್ತರ ಯಾವ ಕಡೆ ಅಂತ
ಇಬ್ಬರೂ ಕೇಳಿಕೊಂಡಿರಲಿಲ್ಲ.
ಅವಳು ಯೋಚಿಸಲೇ ಇಲ್ಲ.
ಚಹಾ ಮಾರುವ ಮೇಜಿನ ಕಡೆ ಕೈತೋರಿ,
"ಅಲ್ಲಿ" ಅಂದಳು.

ಆ ರಾತ್ರಿ ಕಾವಲುಗಾರನಿಗೆ ಎರಡು ಬಿಯರ್ ಕೊಟ್ಟು ಒಳಗುಳಿದೆವು.
ಹಳೆಯ ಹಲ್ಲುಜ್ಜುವ ಬ್ರಶ್ಶು, ನೀರು ಬೆರೆಸಿದ ಗೋಂದು.
ಹದಿನಾರು ಅಡಿ ಹುಲ್ಲನ್ನು
ಮಗುವಿನ ತಲೆ ಬಾಚುವವನಂತೆ
ಚಹಾದ ಮೇಜಿನ ಕಡೆಗೆ ಬಾಚಿದ.
ನಾನು ಟಾರ್ಚು ಹಿಡಿದೆ.
ಮೂರನೆಯ ಕೀಲಿನ ಹತ್ತಿರ
ಅವನ ತೋಳು ಯಾರನ್ನೋ ತಾಕಿದ್ದು ಕಾಣಲಿಲ್ಲ.

ಭಾನುವಾರ ಅವಳು ಬರಲಿಲ್ಲ.
ಒಬ್ಬ ಹುಡುಗ ಹಗ್ಗದ ಮೇಲೆ ಗದ್ದ ಊರಿ ಕೇಳಿದ:
"ಆ ಮನುಷ್ಯ ಯಾಕೆ ಬಿದ್ದಿದ್ದಾನೆ?"
"ಗಾಳಿ," ಅಂದ ಆರ್ಮರಾಡ್.

ಐದಕ್ಕೆ ಬಿಚ್ಚಿದೆವು.
ಎರಡೆರಡು ಹಲಗೆ ಮುಖಾಮುಖಿ ಬಿಗಿದರೆ ಒಂದು ಪೆಟ್ಟಿಗೆ.
ಕೆಳಗೊಂದು ಬಯಲು,
ಅದರ ಆಕಾಶವಾಗಿ ತಲೆಕೆಳಗೆ ಇನ್ನೊಂದು;
ಕಣಜದ ತುದಿಗೂ ಎದುರಿನ ಚಾವಣಿಗೂ
ನಡುವೆ ಎರಡು ಬೆರಳು.
ಹೆದ್ದಾರಿಯಲ್ಲಿ ಹಿಮ ಬೆರೆತ ಮಳೆ,
ವೈಪರ್ ಕಿರುಗುತ್ತಿತ್ತು.
ಗುಡ್ಡದ ತಿರುವಿನಲ್ಲಿ ಹಿಂದೆ, ಪೆಟ್ಟಿಗೆಯೊಳಗೆ,
ಅಕ್ಕಿಕಾಳಿನಷ್ಟು ಸದ್ದು ಉರುಳಿತು,
ಈ ಗೋಡೆಯಿಂದ ಆ ಗೋಡೆಗೆ.

"ಹದಿನಾರು," ಅಂದ ಆರ್ಮರಾಡ್,
ಗೇರು ಬದಲಿಸುತ್ತ.